ಮಂಡಕ್ಕಿ ಡಬ್ಬಿಯೊಳಗೆ ಕೀಲಿ

ಮೊದಲು ಅದನ್ನು ಎಬ್ಬಿಸಬೇಕು.
ಎಣ್ಣೆ ಬೆಚ್ಚಗಾದರೆ ತಾನೆ ಸಲೀಸಾಗಿ ಇಳಿಯುವುದು.
ಭಾನುವಾರ ಆರೂವರೆಗೆ ನಿಟ್ಟುವಳ್ಳಿ ಬಿಟ್ಟು
ಕುಂದುವಾಡ ಕೆರೆಯ ದಿಕ್ಕಿಗೆ ಹೊರಟೆ.
ಎಂಜಿನ್ ಏಳಲಿಲ್ಲ.
ಮಲಗಿದವರನ್ನು ದಾಟಿ ನೀರಿಗೆ ಹೋಗುವವರ ಹಾಗೆ
ಬ್ಯಾಟರಿಯ ಮೇಲೇ ಸರಿಯಿತು ಕಾರು.
ವಾಕಿಂಗಿನ ಅಜ್ಜ ಹೌಹಾರಿ ಪಕ್ಕಕ್ಕೆ ಜಿಗಿದು ಬೈದ:
'ಹಾರನ್ನಾದ್ರೂ ಹೊಡೀಬಾರದೇನವ್ವ, ದೆವ್ವದ ಗಾಡಿ!'

ಬಾತಿ ಗುಡ್ಡದ ಏರಿನಲ್ಲಿ ಮಾತ್ರ
ಗಂಟಲು ಕೆರೆದುಕೊಂಡು ಎದ್ದಿತು.

ಮನೆಗೆ ಬಂದು, ಮುಂದಿನ ಗಾಲಿ ಹಲಗೆ ಹತ್ತಿಸಿ,
ಹಿಂದಿನದಕ್ಕೆ ಕಲ್ಲು ಕೊಟ್ಟು, ಆಫ್ ಮಾಡಿ,
ಕೀಲಿಯನ್ನು ಮಂಡಕ್ಕಿಯ ತಗಡಿನ ಡಬ್ಬಿಯೊಳಗಿಟ್ಟು ಮುಚ್ಚಿದೆ.
ಅದು ಹತ್ತಿರ ಸುಳಿದರೂ ಇದಕ್ಕೆ ಎಚ್ಚರ.
ಮಲಗಿದೆಯೋ, ಉಸಿರು ಹಿಡಿದು ಕೂತಿದೆಯೋ
ಹೊರಗಿನಿಂದ ಹೇಳಲಾಗದು.
ನನ್ನ ಹಳೇ ಕಾರು ಹೀಗಿರಲಿಲ್ಲ.
ಸತ್ತರೆ ಸತ್ತಿತು, ಬದುಕಿದರೆ ಇಡೀ ಓಣಿಗೆ ಗೊತ್ತು.

ಕಾಂಪೌಂಡಿನ ಮೇಲೆ ಲೋಟ ಇಟ್ಟುಕೊಂಡು ರುದ್ರಮುನಿಯವರು:
'ಕರೆಂಟ್ ಹೊಡೆದೀತು ಮಿಸ್ಸೇ, ಶೋರೂಮಿಗೆ ಕೊಡಿ.'
ಕಿತ್ತಳೆ ಬಣ್ಣದ ವೈರು ಮುಟ್ಟಬಾರದು, ಅಷ್ಟೇ ಸಾರ್.
ಕೆಂಡ ಮುಟ್ಟಬಾರದು ಅಂತ ಯಾರಾದರೂ
ರೊಟ್ಟಿ ಸುಡುವುದು ಬಿಟ್ಟಿದ್ದಾರಾ?

ಹುಟ್ಟುಹಬ್ಬದ ಹಳೇ ಫ್ಲೆಕ್ಸು ಹಾಸಿ
ಕಾರ್ಪೊರೇಟರನ ಹೆಗಲಿಗೆ ಹೆಗಲು ಕೊಟ್ಟು ಮಲಗಿದೆ.
ಹದಿನಾಲ್ಕರ ಸ್ಪ್ಯಾನರು.
ಇಪ್ಪತ್ತೆರಡು ವರ್ಷ ಮಕ್ಕಳಿಗೆ
ಪ್ರದಕ್ಷಿಣ, ಅಪ್ರದಕ್ಷಿಣ ಹೇಳಿಕೊಟ್ಟವಳಿಗೆ
ಅಂಗಾತ ಮಲಗಿದ ಕೂಡಲೇ ಎರಡೂ ಮರೆತವು.
ಗಾಳಿಯಲ್ಲಿ ಗಡಿಯಾರ ಬರೆದು ನೋಡಿ, ಜಗ್ಗಿದೆ.

ಮೊದಲು ಮುಂಗೈಗೆ, ಆಮೇಲೆ ಬೋಗುಣಿಗೆ.
ಕಪ್ಪು.

ಲೆಕ್ಕ ಹತ್ತಲಿಲ್ಲ ನನಗೆ.
ಮೀಟರು ತೋರಿಸುವುದು ಒಂಬತ್ತು ಸಾವಿರದ ಎಂಟುನೂರು.
ಅದರಲ್ಲಿ ಅರ್ಧ ಬ್ಯಾಟರಿಯ ಪಾಲು,
ಸಿಗ್ನಲ್ಲಿನಲ್ಲಿ, ಇಳಿಜಾರಿನಲ್ಲಿ ಎಂಜಿನ್‌ಗೆ ನಿದ್ದೆ.
ಅರ್ಧವೇ ದುಡಿದದ್ದಕ್ಕೆ ಪೂರಾ ಕಪ್ಪೇಕೆ?

ಹೆರಿಗೆ ವಾರ್ಡಿನ ರಾತ್ರಿ ಪಾಳಿ ಮುಗಿಸಿ ಬಂದು
ನನ್ನ ತಂಗಿ ದಾಕ್ಷಾಯಣಿ ಒಮ್ಮೆ ಅಂದಿದ್ದಳು,
ಚಪ್ಪಲಿ ಬಿಡುತ್ತ, ಗೋಡೆಗೆ ಕೈಕೊಟ್ಟು:
'ನಿನ್ನೆ ಕೆಲಸ ಏನೂ ಇರಲಿಲ್ಲ ಕಣೇ.
ಬರೀ ಎದ್ದೆ, ಮಲಗಿದೆ, ಎದ್ದೆ.'
ಅವಳ ಕಣ್ಣ ಕೆಳಗೂ ಇದೇ ಬಣ್ಣ.

ವಾಷರು ಬೋಗುಣಿಗೇ ಬಿದ್ದಿತ್ತು. ಬೆರಳಾಡಿಸಿ ತೆಗೆದು
ಹೊಸದು ಕೂರಿಸಿ, ಫಿಲ್ಟರಿನ ತುಟಿಗೆ ಎಣ್ಣೆ ಸವರಿ,
ಕೈಬಿಗಿ ತಿರುಗಿಸಿ, ಇನ್ನೊಂದಿಷ್ಟು.
ಹೊಸ ಎಣ್ಣೆ ಕುಸುಬೆ ಎಣ್ಣೆಗಿಂತ ತೆಳು.
ಪಿ.ಬಿ. ರೋಡಿನ ಅಂಗಡಿಯವ ಡಬ್ಬಿ ಅಲ್ಲಾಡಿಸಿ
'ಇದು ಎಣ್ಣೇನಾ, ತೀರ್ಥಾನಾ' ಅಂದಿದ್ದ.
ಮೂರೂಕಾಲು ಲೀಟರು ಸದ್ದಿಲ್ಲದೆ ಇಳಿಯಿತು.

ಹಲಗೆ ವಾಪಸು ಒಯ್ಯಲು ಮಕ್ಬೂಲ್ ಮೇಸ್ತ್ರಿ ಬಂದ.
ಬಾಡಿಗೆ ಮೊದಲೇ ಮಾತಾಗಿತ್ತು, ಕರೀ ಎಣ್ಣೆ.
ಸೆಂಟ್ರಿಂಗ್ ಶೀಟಿಗೆ ಬಳಿದರೆ ಕಾಂಕ್ರೀಟು ಅಂಟುವುದಿಲ್ಲವಂತೆ.
ನಾಳೆ ಎಸ್.ಎಸ್. ಲೇಔಟಿನಲ್ಲಿ ಯಾರದೋ ಮನೆಯ ಮೋಲ್ಡು.
ಕ್ಯಾನಿನ ಬಾಯಿಗೆ ಚಿಂದಿ ತುರುಕಿ
ಎಂವತ್ತರ ಮುಂದೆ ಇಟ್ಟುಕೊಂಡು ಹೋದ.

ಡಬ್ಬಿಯಿಂದ ಕೀಲಿ ತೆಗೆದು, ಅಂಟಿದ ಮಂಡಕ್ಕಿ ಬಾಯಿಗೆ ಹಾಕಿಕೊಂಡು
ಗುಂಡಿ ಒತ್ತಿದೆ. ರೆಡಿ, ಅಂದಿತು ಹಸಿರು ದೀಪ.
ಎಂಜಿನ್ ಏಳಲಿಲ್ಲ.
ಏಸಿ ಹಾಕಿದೆ. ಹೆಡ್‌ಲೈಟು ಹಾಕಿದೆ.
ಮತ್ತೆ ಗುಡ್ಡಕ್ಕೆ ಹೋಗಲೇ ಮಾರಾಯ್ತಿ ಅಂದೆ. ಉಹುಂ.

ಫ್ಲೆಕ್ಸಿನ ಮೇಲಿನ ಕಲೆ ಒರೆಸಿ, ಮತ್ತೆ ಅದರ ಕೆಳಗೇ ಹಾಸಿ,
ಹಿತ್ತಲಲ್ಲಿ ಸೀಗೆಪುಡಿ ಹಾಕಿ ಕೈ ತಿಕ್ಕುತ್ತಿದ್ದೆ.
ಉಗುರಿನ ಸಂದಿನದು ಹೋಗದು,
ನಾಳೆ ಬೋರ್ಡಿನ ಮೇಲೆ ಎಂಟನೇ ಕ್ಲಾಸು ಅದನ್ನೇ ನೋಡುತ್ತದೆ.
ಅಷ್ಟರಲ್ಲಿ ರುದ್ರಮುನಿಯವರ ಕೂಗು:
'ಮಿಸ್ಸೇ! ಯಾರೋ ಗಾಡಿ ಸ್ಟಾರ್ಟ್ ಮಾಡಿದ್ರು!'

ಒದ್ದೆ ಕೈಯಲ್ಲೇ ಓಡಿ ಬಂದೆ.
ಸೀಟು ಖಾಲಿ.
ತನ್ನ ಪಾಡಿಗೆ ತಾನು ಎದ್ದು ಗುನುಗುತ್ತಿತ್ತು.
ಬಗ್ಗಿ ಟಾರ್ಚು ಬಿಟ್ಟೆ.
ಕಾರ್ಪೊರೇಟರನ ಮೀಸೆಯ ಮೇಲೆ
ಒಂದು ಹನಿಯೂ ಇಲ್ಲ.